ಗರಸು ನೆಲದ ಜೋಳ: ಜಹೀರಾಬಾದ ಸೀಮೆಯ ಸಣ್ಣ ಒಕ್ಕಲುತನದ ಒಂದು ಚರಿತ್ರೆ

ಬೀದರ ಪಟ್ಟಣದಿಂದ ಜಹೀರಾಬಾದಿನ ಹಾದಿ ಹಿಡಿದವನಿಗೆ ನಾಡು ಬದಲಾಯಿತೆಂಬುದು ನೆಲವನ್ನು ನೋಡಿ ತಿಳಿಯದು. ಬಹಮನಿ ಸುಲ್ತಾನರ ಕೋಟೆಯನ್ನು ಹೊತ್ತು ನಿಂತಿರುವ ಕೆಂಪು ಜಂಬಿಟ್ಟಿಗೆಯ ಪ್ರಸ್ಥಭೂಮಿಯೇ ಗಡಿಯನ್ನು ದಾಟಿ ಮುಂದುವರಿಯುತ್ತದೆ. ಅದೇ ಗರಸು ಮಣ್ಣು, ತಗ್ಗಿನಲ್ಲಿ ಅದೇ ಎರೆಯ ಹೊಲ, ಅಂಚಿನಲ್ಲಿ ಅದೇ ಮಾಂಜರಾ ನದಿ. ಬದಲಾಗುವುದು ಅಂಗಡಿಗಳ ಮೇಲಿನ ಅಕ್ಷರ ಮಾತ್ರ. ಹೈದರಾಬಾದ ರಾಜ್ಯದ ಬೀದರ ಜಿಲ್ಲೆಯು ೧೯೫೬ನೆಯ ನವೆಂಬರ ೧ರಂದು ಮೂರು ರಾಜ್ಯಗಳಿಗೆ ಹಂಚಿಹೋಯಿತು. ಅಹಮದಪುರ, ನಿಲಂಗಾ, ಉದಗೀರ ತಾಲೂಕುಗಳು ಮುಂಬಯಿಗೆ ಸೇರಿದವು. ನಿರ್ಣಾ ವೃತ್ತವನ್ನು ಬಿಟ್ಟು ಉಳಿದ ಜಹೀರಾಬಾದ ತಾಲೂಕು, ಬೀದರ ತಾಲೂಕಿನ ನ್ಯಾಲಕಲ್ ವೃತ್ತ ಮತ್ತು ನಾರಾಯಣಖೇಡ ತಾಲೂಕು ಆಂಧ್ರ ಪ್ರದೇಶದ ಪಾಲಾದವು. ಮಿಕ್ಕುದು ಮೈಸೂರು ರಾಜ್ಯಕ್ಕೆ ಬಂದಿತು. ಜಹೀರಾಬಾದು ಮೊದಲು ಮೆದಕ ಜಿಲ್ಲೆಯಲ್ಲಿದ್ದು, ೨೦೧೪ರಲ್ಲಿ ತೆಲಂಗಾಣ ರಾಜ್ಯವು ಹುಟ್ಟಿದ ಬಳಿಕ ೨೦೧೬ರಿಂದ ಸಂಗಾರೆಡ್ಡಿ ಜಿಲ್ಲೆಗೆ ಸೇರಿದೆ.

ಈ ವಿಭಜನೆಯ ಚರಿತ್ರೆಯನ್ನು ಭಾಷೆ, ಶಾಲೆ, ಕಚೇರಿಗಳ ದೃಷ್ಟಿಯಿಂದ ನಮ್ಮವರು ಅನೇಕ ಸಲ ಬರೆದಿದ್ದಾರೆ. ಹೊಲದ ದೃಷ್ಟಿಯಿಂದ ಬರೆದುದು ಕಡಿಮೆ. ಆದರೆ ಈ ಸೀಮೆಯ ಹೆಸರು ಹೊರನಾಡುಗಳಲ್ಲಿ ಕೇಳಿಬಂದಿರುವುದು ಹೊಲಗಳ ಕಾರಣದಿಂದಲೇ, ಅದರಲ್ಲಿಯೂ ಊರಿನ ತೀರ ಬಡ ಹೆಂಗಸರು ಗೇಯುವ ಹೊಲಗಳ ಕಾರಣದಿಂದ. ಒಂದು ಎಕರೆ, ಎರಡು ಎಕರೆ ಬಂಜರು ನೆಲವನ್ನು ಹೊಂದಿದವರು ಕೊಂಡು ತಂದ ಗೊಬ್ಬರವಿಲ್ಲದೆ, ವಿಷವಿಲ್ಲದೆ, ಸಾಲವಿಲ್ಲದೆ ಮನೆಯ ಹಸಿವನ್ನು ನೀಗಿಕೊಂಡ ಆ ಕಥೆಯನ್ನು ಇಲ್ಲಿ ಹೇಳಬಯಸುತ್ತೇನೆ. ಇದನ್ನು ಸಾವಯವ ಕೃಷಿಯ ವಿಜಯವೆಂದು ಹೊಗಳುವವರು ಬಹಳ. ನನ್ನ ಅಭಿಪ್ರಾಯದಲ್ಲಿ ಗೊಬ್ಬರದ ಮಾತು ಇಲ್ಲಿ ಕೊನೆಗೆ ಬರತಕ್ಕದ್ದು. ಅದಕ್ಕೆ ಮೊದಲು ಸೊಪ್ಪೆಯ ಮಾತು, ಬೀಜದ ಮಾತು, ಕಣಜದ ಮಾತು ಬರಬೇಕು.

ಹಿಂದಿನ ಕಾಲದ ಒಕ್ಕಲುತನವನ್ನು ಸುವರ್ಣಯುಗವೆಂದು ಬಣ್ಣಿಸುವ ಅಭ್ಯಾಸವೊಂದು ನಮ್ಮಲ್ಲಿದೆ. ಅದನ್ನು ನಾನು ಒಪ್ಪಲಾರೆ. ನಿಜಾಮರ ಕಾಲದಲ್ಲಿ ಈ ಭಾಗದ ಒಳ್ಳೆಯ ಭೂಮಿಯೆಲ್ಲ ಕೆಲವರ ಕೈಯಲ್ಲಿತ್ತು. ಹೊಲಗೇರಿಯ ಜನರು ತಲೆಮಾರುಗಳಿಂದ ಜೀತಕ್ಕೆ ದುಡಿದರು. ೧೯೪೯ರಲ್ಲಿ ಜಾಗೀರು ಪದ್ಧತಿ ರದ್ದಾಯಿತು, ೧೯೭೩ರಲ್ಲಿ ಆಂಧ್ರ ಪ್ರದೇಶವು ಭೂಮಿತಿಯ ಕಾನೂನನ್ನು ತಂದಿತು. ಇವುಗಳಿಂದಲೂ ಸರಕಾರಿ ಜಮೀನಿನ ಹಂಚಿಕೆಯಿಂದಲೂ ಬಡವರಿಗೆ ನೆಲ ಸಿಕ್ಕಿದ್ದುಂಟು. ಸಿಕ್ಕಿದ್ದು ಎಂಥ ನೆಲ? ಗೇಣು ಮಣ್ಣಿನ ಕೆಳಗೆ ಕಲ್ಲು ಸಿಕ್ಕುವ, ಒಡ್ಡು ಬದುಗಳಿಲ್ಲದ, ಮಳೆಯ ನೀರು ನಿಲ್ಲದೆ ಮಣ್ಣನ್ನೇ ಕೊಚ್ಚಿಕೊಂಡು ಹೋಗುವ ಇಳಿಜಾರು. ಕಾಗದದ ಮೇಲೆ ಭೂಮಾಲಿಕರಾದವರು ಎತ್ತಿಲ್ಲದೆ, ಬೀಜವಿಲ್ಲದೆ ಅದನ್ನು ಬೀಳು ಬಿಟ್ಟು ಮತ್ತೆ ಸಾಹುಕಾರರ ಹೊಲದಲ್ಲಿಯೇ ಕೂಲಿ ಮಾಡಿದರು.

ಈ ಪರಿಸ್ಥಿತಿಯ ಮೇಲೆ ಎರಡು ಹೊಸ ಸಂಗತಿಗಳು ಬಂದೆರಗಿದವು. ಎರಡೂ ಸದುದ್ದೇಶದಿಂದ ಬಂದವುಗಳೇ ಎಂಬುದನ್ನು ಮರೆಯಲಾಗದು.

ಮೊದಲನೆಯದು ಸುಧಾರಿತ ಬೀಜ. ದೇಶದ ಮೊದಲ ಸಂಕರ ಜೋಳವು ೧೯೬೪ರಲ್ಲಿ ಬಿಡುಗಡೆಯಾಯಿತು. ತೆನೆ ದೊಡ್ಡದು, ದಂಟು ಗಿಡ್ಡ. ಅಕ್ಕಿಯೂ ಗೋದಿಯೂ ಬೆಳೆಯುವ ನೀರಾವರಿಯ ನಾಡಿನಲ್ಲಿ ದಂಟು ಗಿಡ್ಡವಾದರೆ ಚಿಂತೆಯಿಲ್ಲ. ಮಳೆಯನ್ನೇ ನಂಬಿದ ಬಡ ರೈತನಿಗೆ ದಂಟೇ ಅರ್ಧ ಬೆಳೆ. ನಾಟಿ ಜೋಳವು ಆಳೆತ್ತರಕ್ಕೂ ಮೀರಿ ಬೆಳೆದು ಎತ್ತು ಎಮ್ಮೆಗಳಿಗೆ ವರುಷದ ಮೇವನ್ನು ಕೊಡುತ್ತಿತ್ತು. ಸೊಪ್ಪೆ ಕಡಿಮೆಯಾದೊಡನೆ ದನ ಕಡಿಮೆಯಾಯಿತು, ದನ ಕಡಿಮೆಯಾದೊಡನೆ ತಿಪ್ಪೆ ಸೊರಗಿತು, ತಿಪ್ಪೆ ಸೊರಗಿದ ಮೇಲೆ ಚೀಲದ ಗೊಬ್ಬರವನ್ನು ಸಾಲ ಮಾಡಿ ತರಬೇಕಾಯಿತು. ಹಸಿ ಇಲ್ಲದ ಗರಸಿನಲ್ಲಿ ಆ ಗೊಬ್ಬರವು ಬೆಳೆಗೆ ದಕ್ಕುವುದಿಲ್ಲ. ಮಳೆ ಕೈಕೊಟ್ಟ ವರುಷ ಗೊಬ್ಬರದ ಹಣ ಮಣ್ಣುಪಾಲು, ಬಡ್ಡಿ ಮಾತ್ರ ತಪ್ಪದು. ಇದಲ್ಲದೆ ಬೇಗ ಮಾಗುವ ಸಂಕರ ಜೋಳದ ತೆನೆಯು ಮುಂಗಾರಿನ ಕೊನೆಯ ಮಳೆಗೆ ಸಿಕ್ಕು ಬೂಷ್ಟು ಹಿಡಿದು ಕಪ್ಪಾಗುತ್ತಿತ್ತು. ಪೇಟೆಯಲ್ಲಿ ಅದಕ್ಕೆ ಬೆಲೆಯಿಲ್ಲ.

ಎರಡನೆಯದು ಅಗ್ಗದ ಅಕ್ಕಿ. ೧೯೮೩ರಲ್ಲಿ ಅಧಿಕಾರಕ್ಕೆ ಬಂದ ಎನ್. ಟಿ. ರಾಮರಾವ್ ಅವರ ಸರಕಾರವು ಕಿಲೋಗೆ ಎರಡು ರೂಪಾಯಿಯಂತೆ ಅಕ್ಕಿಯನ್ನು ಕೊಡತೊಡಗಿತು. ಹಸಿದವನ ಮನೆಗೆ ಅಕ್ಕಿ ಬಂದುದನ್ನು ಯಾರೂ ದೂಷಿಸಲಾರರು, ನಾನೂ ದೂಷಿಸುವುದಿಲ್ಲ. ಆದರೆ ಆ ಅಕ್ಕಿಯೊಡನೆ ಹುಲ್ಲು ಬರಲಿಲ್ಲ. ಅದು ಎಲ್ಲಿಯೋ ಕೃಷ್ಣಾ ಗೋದಾವರಿಗಳ ಕಾಲುವೆಯ ಕೆಳಗೆ ಬೆಳೆದುದು, ಅದರ ಹುಲ್ಲು ಅಲ್ಲಿಯ ದನಗಳಿಗೆ. ಜೋಳದ ರೊಟ್ಟಿಯನ್ನು ತಿನ್ನುತ್ತಿದ್ದ ಸೀಮೆಯಲ್ಲಿ ಜೋಳವನ್ನು ಬಿತ್ತುವ ಅವಶ್ಯಕತೆ ತಪ್ಪಿದಾಗ ಮೇವು, ಎತ್ತು, ತಿಪ್ಪೆ, ಬೀಜ, ಕಣದಲ್ಲಿ ಹೆಂಗಸರಿಗೆ ಸಿಗುತ್ತಿದ್ದ ಕೂಲಿಕಾಳು ಒಂದರ ಹಿಂದೆ ಒಂದು ಮರೆಯಾದವು. ಬೀಳು ಹೊಲ ಮತ್ತಷ್ಟು ಬೀಳಾಯಿತು.

ಅದೇ ೧೯೮೩ರಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಎಂಬ ಸಂಸ್ಥೆಯು ಸ್ಥಾಪಿತವಾಗಿ, ಜಹೀರಾಬಾದಿಗೆ ಹತ್ತಿದ ಪಸ್ತಾಪುರವನ್ನು ತನ್ನ ಕಾರ್ಯಕ್ಷೇತ್ರದ ನೆಲೆಯಾಗಿ ಮಾಡಿಕೊಂಡಿತು. ಅದರ ಸ್ಥಾಪಕರಲ್ಲಿ ಮುಖ್ಯರಾದ ಪಿ. ವಿ. ಸತೀಶ ಅವರು ಕನ್ನಡಿಗರು. ೧೯೪೫ರಲ್ಲಿ ಮೈಸೂರಿನಲ್ಲಿ ಜನಿಸಿದವರು. ದೂರದರ್ಶನದಲ್ಲಿ ಬಹುಕಾಲ ದುಡಿದು, ೧೯೭೫-೭೬ರಲ್ಲಿ ಉಪಗ್ರಹದ ಮೂಲಕ ಹಳ್ಳಿಗಳಿಗೆ ದೂರದರ್ಶನದ ಪಾಠಗಳನ್ನು ಮುಟ್ಟಿಸಿದ ಪ್ರಯೋಗದಲ್ಲಿಯೂ ಪಾಲ್ಗೊಂಡಿದ್ದರು. ಆ ಪ್ರಯೋಗದ ಹಳ್ಳಿಗಳು ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಲ್ಲಿಯೂ ಇದ್ದವೆಂಬುದನ್ನು ಹಿರಿಯ ವಾಚಕರು ಬಲ್ಲರು. ಮೈಸೂರಿನವರೊಬ್ಬರು ಬೀದರದ ಹಳೆಯ ತಾಲೂಕಿಗೆ ಬಂದು, ತೆಲುಗು ನುಡಿಯುವ ಹೆಂಗಸರ ನಡುವೆ ನಾಲ್ಕು ದಶಕ ಕಳೆದರೆಂಬುದು ನಮ್ಮ ಗಡಿನಾಡಿನ ಸ್ವಭಾವಕ್ಕೆ ತಕ್ಕುದೇ ಆಗಿದೆ. ಅವರು ೨೦೨೩ನೆಯ ಮಾರ್ಚ್ ೧೯ರಂದು ತೀರಿಕೊಂಡರು.

ಸಂಸ್ಥೆಯವರು ಮೊದಮೊದಲು ಊರ ಗಂಡಸರೊಡನೆ ಕೆಲಸ ಹೂಡಿದರು, ಬರಬರುತ್ತ ಅದು ಹೆಂಗಸರ ಕೈಗೆ ಬಂದಿತು. ಪ್ರತಿ ಊರಿನಲ್ಲಿಯೂ ಬಡ ಹೆಂಗಸರ, ಹೆಚ್ಚಾಗಿ ದಲಿತ ಹೆಂಗಸರ ಸಂಘಗಳು ಕಟ್ಟಿಕೊಂಡವು. ಮುಂದೆ ಸುಮಾರು ೭೫ ಹಳ್ಳಿಗಳಲ್ಲಿ ಸುಮಾರು ೫,೦೦೦ ಹೆಂಗಸರು ಅವುಗಳಿಗೆ ಸೇರಿದರು. ಅವರು ಆರಂಭಿಸಿದ್ದು ಗೊಬ್ಬರದಿಂದಲ್ಲ, ನೆಲದಿಂದ. ತಮ್ಮ ತಮ್ಮ ಬೀಳು ಹೊಲಗಳಿಗೆ ತಾವೇ ಒಡ್ಡು ಹಾಕಿದರು, ಕಲ್ಲು ಆಯ್ದರು. ಹೊಲವೇ ಇಲ್ಲದವರು ಗುಂಪಾಗಿ ಭೂಮಿಯನ್ನು ಗುತ್ತಿಗೆಗೆ ಹಿಡಿದರು. ಒಬ್ಬಳಿಗೆ ಕೊಡಲು ಒಪ್ಪದ ಭೂಮಾಲಿಕನು ಹತ್ತು ಜನರ ಗುಂಪಿಗೆ ಕೊಟ್ಟನು. ಸರಕಾರದ ಯೋಜನೆಗಳ ಮೂಲಕ ಹೆಂಗಸರ ಹೆಸರಿಗೇ ಜಮೀನು ಕೊಂಡುದೂ ಉಂಟು. ನಮ್ಮ ಮನೆಗಳಲ್ಲಿ ಇಂದಿಗೂ ಪಹಣಿ ಪತ್ರದಲ್ಲಿ ಹೆಂಗಸಿನ ಹೆಸರು ಎಷ್ಟು ಕಡೆ ಇದೆಯೆಂದು ಕೇಳಿಕೊಂಡರೆ ಈ ಸಂಗತಿಯ ತೂಕ ತಿಳಿಯುತ್ತದೆ.

ಈ ಚರಿತ್ರೆಯ ತಿರುಳು ೧೯೯೦ರ ದಶಕದ ನಡುವಣ ವರುಷಗಳದು. ನ್ಯಾಯಬೆಲೆಯ ಅಂಗಡಿಗೆ ದೂರದಿಂದ ಅಕ್ಕಿ ಬರುವ ಬದಲು ಊರ ಬೀಳಿನಲ್ಲಿಯೇ ಊರ ಕಾಳನ್ನು ಬೆಳೆದು ಊರಲ್ಲಿಯೇ ಹಂಚಬಾರದೇಕೆ ಎಂಬ ಪ್ರಶ್ನೆಯನ್ನು ಸಂಘದವರು ಎತ್ತಿದರು. ಭಾರತ ಸರಕಾರದ ಗ್ರಾಮೀಣಾಭಿವೃದ್ಧಿ ಸಚಿವಾಲಯವು ಇದಕ್ಕೆ ಹಣವೊದಗಿಸಿತು. ಸುಮಾರು ೩೦ ಹಳ್ಳಿಗಳಲ್ಲಿ ಎರಡೂವರೆ ಸಾವಿರ ಎಕರೆಗೂ ಮಿಕ್ಕಿದ ಬೀಳು ನೆಲವು ಉಳುಮೆಗೆ ಬಂದಿತು. ಏರ್ಪಾಡು ಹೀಗಿತ್ತು. ಉಳುಮೆ, ತಿಪ್ಪೆಗೊಬ್ಬರ, ಬಿತ್ತನೆ, ಕಳೆ ಈ ಕೆಲಸಗಳಿಗೆ ತಕ್ಕಂತೆ ಕಂತು ಕಂತಾಗಿ ಸಾಲ ಕೊಡುವುದು. ಕೆಲಸವಾಯಿತೋ ಇಲ್ಲವೋ ಎಂಬುದನ್ನು ಸಂಘದ ಸಮಿತಿಯ ಹೆಂಗಸರೇ ಹೊಲಕ್ಕೆ ಹೋಗಿ ನೋಡುವುದು. ಸಾಲವನ್ನು ಹಣದಲ್ಲಿ ತೀರಿಸುವಂತಿಲ್ಲ. ಕೆಲವು ವರುಷಗಳ ಕಂತುಗಳಲ್ಲಿ ಜೋಳದ ರೂಪದಲ್ಲಿಯೇ ಕೊಡಬೇಕು. ಆ ಜೋಳವು ಊರ ಕಣಜಕ್ಕೆ ಸೇರಬೇಕು. ಹಳೆಯ ಕಾಳು ತೀರಿ ಹೊಸ ಕಾಳು ಬಾರದ ಮಳೆಗಾಲದ ತಿಂಗಳುಗಳಲ್ಲಿ ಅದನ್ನು ಪೇಟೆಗಿಂತ ಕಡಿಮೆ ಬೆಲೆಗೆ ಬಡವರಿಗೆ ಮಾರಬೇಕು. ಬಂದ ಹಣವು ಮುಂದಿನ ಸಾಲಿನ ಉಳುಮೆಗೆ ಸಲ್ಲಬೇಕು.

ಬಡವರು ಯಾರೆಂದು ಗೊತ್ತುಪಡಿಸಿದ ರೀತಿಯನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಏಕೆಂದರೆ ನಮ್ಮ ಕಚೇರಿಗಳ ಬಡತನದ ಪಟ್ಟಿಗಳ ವಿಷಯ ಎಲ್ಲರಿಗೂ ಗೊತ್ತೇ ಇದೆ. ಊರವರು ಬಯಲಿನಲ್ಲಿ ಕೂಡಿ, ನೆಲದ ಮೇಲೆ ರಂಗೋಲಿಯ ಪುಡಿಯಿಂದ ಊರಿನ ನಕ್ಷೆಯನ್ನು ಬರೆದು, ಒಂದೊಂದು ಮನೆಯನ್ನೂ ಗುರುತಿಸಿ, ಆ ಮನೆಯ ಸ್ಥಿತಿಯನ್ನು ಎಲ್ಲರೆದುರಿಗೆ ಚರ್ಚಿಸಿದರು. ಒಂಟಿ ವಿಧವೆ, ದುಡಿಯುವ ಕೈಯಿಲ್ಲದ ಮನೆ, ಕೂಲಿಯೊಂದನ್ನೇ ನಂಬಿದ ಮನೆ ಯಾವುದೆಂಬುದು ನೆರೆಯವಳಿಗೆ ತಿಳಿದಷ್ಟು ಗುಮಾಸ್ತನಿಗೆ ತಿಳಿಯದು. ಬಡತನವು ಹೆಚ್ಚಿದಂತೆ ಕೊಡುವ ಕಾಳಿನ ಪ್ರಮಾಣವೂ ಹೆಚ್ಚು. ಬಹಿರಂಗವಾಗಿ ನಡೆದುದರಿಂದ ಸುಳ್ಳಿಗೆ ಆಸ್ಪದ ಕಡಿಮೆ.

ಬೀಳು ಹೊಲದಲ್ಲಿ ಜೋಳ ಎದ್ದಾಗ ಊಟವೊಂದೇ ಹೆಚ್ಚಲಿಲ್ಲ. ಸೊಪ್ಪೆಯು ಮರಳಿ ಬಂದಿತು. ಸೊಪ್ಪೆಯೊಡನೆ ದನ, ದನದೊಡನೆ ಸಗಣಿ. ಸಾವಯವ ಗೊಬ್ಬರವೆಂಬುದನ್ನು ಉಪನ್ಯಾಸದಿಂದ ಉಂಟುಮಾಡಲಾಗದು, ಅದನ್ನು ಹಾಕುವ ದನಕ್ಕೆ ಮೇವು ಬೇಕು. ಬೇರೆ ಅನೇಕ ಕಡೆಗಳಲ್ಲಿ ತಿಪ್ಪೆಗೊಬ್ಬರವನ್ನು ಉಪಯೋಗಿಸಿರೆಂದು ರೈತನಿಗೆ ಬುದ್ಧಿ ಹೇಳಿ ಬಂದವರು ಮುಂದಿನ ವರುಷ ಹೋಗಿ ನೋಡಿದರೆ ಏನೂ ಆಗಿರುವುದಿಲ್ಲ. ಅಲ್ಲಿಯ ಕೊರತೆ ಬುದ್ಧಿಯದಲ್ಲ, ಸೊಪ್ಪೆಯದು.

ಇನ್ನು ಬೀಜದ ಸಂಗತಿ. ಬಿತ್ತನೆಯ ಹೊತ್ತಿಗೆ ಸಾಹುಕಾರನ ಮನೆಯ ಬಾಗಿಲಿಗೆ ಹೋಗಿ ನಿಲ್ಲುವುದೇ ಸಾಲದ ಮೊದಲ ಮೆಟ್ಟಿಲು. ಸಂಘಗಳು ಊರೂರಿನಲ್ಲಿ ಬೀಜದ ಕಣಜಗಳನ್ನು ಇಟ್ಟವು. ಬಿತ್ತುವಾಗ ಒಯ್ದು, ಸುಗ್ಗಿಯಲ್ಲಿ ಒಯ್ದುದಕ್ಕಿಂತ ಹೆಚ್ಚು ಅಳೆದು ಹಿಂದಿರುಗಿಸುವುದು ನಿಯಮ. ಬುಟ್ಟಿಗೆ ಸಗಣಿಯನ್ನು ಮೆತ್ತಿ ಒಣಗಿಸಿ, ಕಾಳಿಗೆ ಬೂದಿಯನ್ನೂ ಬೇವಿನ ಎಲೆಯನ್ನೂ ಬೆರೆಸಿ ಇಡುವ ವಿದ್ಯೆಯು ನಮ್ಮ ಅಜ್ಜಿಯರದೇ. ಯಾವ ತೆನೆಯನ್ನು ಬೀಜಕ್ಕೆ ಬಿಡಬೇಕೆಂದು ಕಟಾವಿಗೆ ಮೊದಲೇ ಹೊಲದಲ್ಲಿ ತಿರುಗಾಡಿ ಆರಿಸುವವಳೂ ಹೆಂಗಸೇ. ಈ ಕಾಯಕಕ್ಕೆ ಕೃಷಿಶಾಸ್ತ್ರದ ಪುಸ್ತಕಗಳಲ್ಲಿ ದೊಡ್ಡ ಹೆಸರಿದೆ, ಮಾಡುವವರಿಗೆ ಮಾತ್ರ ಇತ್ತೀಚಿನವರೆಗೆ ಹೆಸರಿರಲಿಲ್ಲ.

ಬೀಜ ಕೈಯಲ್ಲಿದ್ದುದರಿಂದ ಬೆರಕೆಯ ಬೇಸಾಯ ಉಳಿಯಿತು. ಒಂದೇ ಹೊಲದಲ್ಲಿ ಜೋಳ, ತೊಗರಿ, ಹೆಸರು, ಉದ್ದು, ಅವರೆ, ಸಜ್ಜೆ, ನವಣೆ, ಸಾಮೆ, ಎಳ್ಳು, ಪುಂಡಿ ಮೊದಲಾಗಿ ಹದಿನೈದು ಇಪ್ಪತ್ತು ಬಗೆಗಳನ್ನು ಬಿತ್ತುವವರು ಅಲ್ಲಿದ್ದಾರೆ. ನಮ್ಮ ಕಡೆಯ ಅಕ್ಕಡಿಯ ಪದ್ಧತಿಯೂ ಇದೇ. ಹೆಸರು ಎರಡು ಎರಡೂವರೆ ತಿಂಗಳಿಗೆ ಕೈಗೆ ಬರುತ್ತದೆ. ಅದರ ಹಿಂದೆ ಸಜ್ಜೆ ನವಣೆ. ಆ ಮೇಲೆ ಜೋಳ. ಎಲ್ಲಕ್ಕೂ ಕೊನೆಗೆ ತೊಗರಿ. ಹೀಗೆ ಊಟವು ಒಮ್ಮೆಗೇ ಬಂದು ಒಮ್ಮೆಗೇ ತೀರುವುದಿಲ್ಲ. ಒಂದು ಮಳೆ ತಪ್ಪಿ ಜೋಳ ಒಣಗಿದರೂ ಆಳಕ್ಕೆ ಬೇರಿಳಿದ ತೊಗರಿ ನಿಲ್ಲುತ್ತದೆ. ದ್ವಿದಳ ಬೆಳೆಗಳ ಬೇರಿನ ಗಂಟುಗಳಲ್ಲಿ ವಾಸಿಸುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕವನ್ನು ಹಿಡಿದು ನೆಲಕ್ಕೆ ಸೇರಿಸುತ್ತವೆ. ಆದ್ದರಿಂದ ಯೂರಿಯಾದ ಅವಶ್ಯಕತೆ ಬಹುಮಟ್ಟಿಗೆ ತಪ್ಪುತ್ತದೆ. ಒಂದೇ ಬೆಳೆ ಮೈಲುಗಟ್ಟಲೆ ಹಬ್ಬಿದಾಗ ಹುಳು ಹಬ್ಬುವಂತೆ ಬೆರಕೆಯ ಹೊಲದಲ್ಲಿ ಹಬ್ಬುವುದಿಲ್ಲ. ಔಷಧ ಹೊಡೆಯದುದರಿಂದ ಸಾಲುಗಳ ನಡುವೆ ತಾನಾಗಿ ಹುಟ್ಟುವ ಕಿರಕಸಾಲಿ, ಹಕ್ಕರಕಿ, ಗೋಳಿ ಮುಂತಾದ ಸೊಪ್ಪುಗಳು ಪಲ್ಯಕ್ಕಾಗುತ್ತವೆ. ಯಾವ ಲೆಕ್ಕದ ಪುಸ್ತಕದಲ್ಲಿಯೂ ಈ ಸೊಪ್ಪು ಉತ್ಪನ್ನವೆಂದು ದಾಖಲಾಗುವುದಿಲ್ಲ. ಬಡವರ ಮನೆಯಲ್ಲಿ ಮಕ್ಕಳು ತಿನ್ನುವ ಪಲ್ಯ ಬಹುಪಾಲು ಅದೇ.

ಹಿಂಗಾರಿನಲ್ಲಿ ಎರೆಯ ನೆಲದ ಹಸಿಯನ್ನೂ ಚಳಿಗಾಲದ ಮಂಜನ್ನೂ ನಂಬಿ ಬೆಳೆಯುವ ಕಡಲೆ, ಅಗಸೆ, ಕುಸುಬೆ ಮೊದಲಾದವುಗಳನ್ನು ಆ ಹೆಂಗಸರು ‘ಸತ್ಯಂ ಪಂಟಲು’, ಅಂದರೆ ಸತ್ಯದ ಬೆಳೆಗಳು ಎಂದು ಕರೆಯುತ್ತಾರೆ. ನೀರು ಕೇಳದೆ, ಗೊಬ್ಬರ ಕೇಳದೆ, ನೆಲದ ಸತ್ಯದಿಂದಲೇ ಬೆಳೆಯುವವೆಂದು ಆ ಹೆಸರು. ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಕುಳಿತು ಭಜ್ಜಿ ರೊಟ್ಟಿ ಉಣ್ಣುವ ಬೀದರ ಕಡೆಯ ನಮ್ಮ ಕುಟುಂಬಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಬೆಳೆಗಳ ಹೆಸರಿನಲ್ಲಿಯೂ ಗಡಿ ತೆಳುವಾದುದು. ನಮ್ಮ ಸಜ್ಜೆ ಅವರ ಸಜ್ಜ, ನಮ್ಮ ಸಾಮೆ ಅವರ ಸಾಮ, ನಮ್ಮ ಕುಸುಬೆ ಅವರ ಕುಸುಮ, ನಮ್ಮ ಪುಂಡಿಪಲ್ಯ ಅವರ ಪುಂಟಿಕೂರ.

ಇದೇ ಅವಧಿಯಲ್ಲಿ ತೆಲಂಗಾಣದ ಇನ್ನೊಂದು ಮೂಲೆಯಲ್ಲಿ ನಡೆದುದನ್ನು ಪಕ್ಕದಲ್ಲಿಟ್ಟು ನೋಡಬೇಕು. ೧೯೯೭-೯೮ರಲ್ಲಿ ವರಂಗಲ್ಲು ಜಿಲ್ಲೆಯ ಹತ್ತಿಯ ಬೆಳೆಗೆ ಹುಳು ಬಿದ್ದು, ಬೀಜ ಔಷಧಗಳಿಗೆ ಸಾಲ ಮಾಡಿದ ಸಣ್ಣ ರೈತರು ಸಾಲುಸಾಲಾಗಿ ಪ್ರಾಣ ಕಳೆದುಕೊಂಡರು. ಅಲ್ಲಿ ನೆಲವು ಜಹೀರಾಬಾದಿನ ಗರಸಿಗಿಂತ ಕೆಟ್ಟದಾಗಿರಲಿಲ್ಲ. ಬೆಳೆಯ ಪ್ರತಿಯೊಂದು ಅಂಗವೂ ಅಂಗಡಿಯಿಂದ ಉದ್ರಿಯಾಗಿ ಬಂದುದು ಅಲ್ಲಿಯ ವ್ಯತ್ಯಾಸ.

ಮುಂದಿನ ಬೆಳವಣಿಗೆಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ೧೯೯೩ರಲ್ಲಿ ಮಾಚನೂರಿನಲ್ಲಿ ಬಡ ಮಕ್ಕಳಿಗಾಗಿ ‘ಪಚ್ಚಸಾಲೆ’ ಎಂಬ ಶಾಲೆ ಆರಂಭವಾಯಿತು. ಅಲ್ಲಿ ಅಕ್ಷರದೊಡನೆ ಕೈಕಸಬೂ ಬೇಸಾಯವೂ ಪಾಠವೇ. ಸಂಕ್ರಾಂತಿಯ ನಂತರ ಅಲಂಕರಿಸಿದ ಎತ್ತಿನ ಬಂಡಿಗಳಲ್ಲಿ ನಾನಾ ಬಗೆಯ ಬೀಜಗಳನ್ನಿಟ್ಟು ಊರಿಂದೂರಿಗೆ ಒಯ್ಯುವ ಹಳೆಯ ಬೆಳೆಗಳ ಜಾತ್ರೆಯು ರೂಢಿಗೆ ಬಂದಿತು. ೨೦೦೮ರ ಅಕ್ಟೋಬರ ೧೫ರಂದು ಮಾಚನೂರಿನಿಂದಲೇ ‘ಸಂಘಂ ರೇಡಿಯೋ’ ಬಿತ್ತರಗೊಳ್ಳತೊಡಗಿತು; ಅದನ್ನು ನಡೆಸಿದವರು ದಲಿತ ಹೆಣ್ಣುಮಕ್ಕಳು. ೨೦೧೯ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ‘ಇಕ್ವೇಟರ್’ ಪ್ರಶಸ್ತಿಯು ಸಂಸ್ಥೆಗೆ ಲಭಿಸಿತು.

ಮಾರಾಟದ ವಿಷಯದಲ್ಲಿ ಒಂದು ಮಾತು ಅವಶ್ಯ. ಪೇಟೆಯಲ್ಲಿ ಸಾವಯವವೆಂದು ಹೇಳಿ ಮಾರಲು ಪ್ರಮಾಣಪತ್ರ ಬೇಕು. ಪರೀಕ್ಷಕರನ್ನು ಕರೆಸಿ ಪತ್ರ ಪಡೆಯುವ ವೆಚ್ಚವು ಎರಡು ಎಕರೆಯವರ ವರುಷದ ಆದಾಯವನ್ನೇ ನುಂಗಬಲ್ಲದು. ಎಂದೂ ವಿಷವನ್ನೇ ಮುಟ್ಟದವರು ತಾವು ಮುಟ್ಟಲಿಲ್ಲವೆಂದು ಸಿದ್ಧಪಡಿಸಲು ಹಣ ತೆರಬೇಕಾದ ವಿಚಿತ್ರವಿದು. ಇದಕ್ಕೆ ಪ್ರತಿಯಾಗಿ ಒಬ್ಬರ ಹೊಲಕ್ಕೆ ಒಬ್ಬರು ಹೋಗಿ ನೋಡಿ, ಎಲ್ಲರೂ ಕೂಡಿ ಪ್ರತಿಜ್ಞೆ ಮಾಡಿ, ಒಬ್ಬರ ತಪ್ಪಿಗೆ ಗುಂಪೇ ಹೊಣೆಯಾಗುವ ಸಹಭಾಗಿ ಖಾತರಿಯ ಪದ್ಧತಿಯನ್ನು ದೇಶದ ಕೆಲವು ಸಂಸ್ಥೆಗಳು ಬೆಳೆಸಿದವು. ಜಹೀರಾಬಾದಿನ ಸಂಘಗಳು ಅವುಗಳಲ್ಲಿ ಮುಂದೆ ನಿಂತವು. ನಂತರ ಭಾರತ ಸರಕಾರವೂ ಅಂಥದೇ ಪದ್ಧತಿಯನ್ನು ಜಾರಿಗೆ ತಂದಿತು.

ಇಷ್ಟರಿಂದ ಆ ಮನೆಗಳೆಲ್ಲ ಸಿರಿವಂತವಾದವೆಂದು ವಾಚಕರು ತಿಳಿಯಬಾರದು. ಎಕರೆಯ ಇಳುವರಿಯು ನೀರಾವರಿಯ ಹೊಲಕ್ಕೆ ಸಮವಾಗದು. ಬೆರಕೆಯ ಬೇಸಾಯಕ್ಕೆ ಕೈಕೆಲಸ ಹೆಚ್ಚು, ಆ ಕೆಲಸ ಹೆಂಗಸಿನ ಬೆನ್ನ ಮೇಲೆಯೇ. ನವಣೆ ಸಾಮೆಗಳ ಹೊಟ್ಟನ್ನು ಒನಕೆಯಿಂದ ಬಿಡಿಸುವ ಶ್ರಮವನ್ನು ಮಾಡಿದವರೇ ಬಲ್ಲರು. ಓದಿದ ಮಕ್ಕಳು ಹೈದರಾಬಾದಿನ ಕೆಲಸಗಳಿಗೆ ಹೋಗುತ್ತಾರೆ. ಹೋಗಬಾರದೆಂದು ಹೇಳಲು ನಾವು ಯಾರು? ಸುತ್ತಲಿನ ಹೊಲಗಳಲ್ಲಿ ಕಬ್ಬು, ಶುಂಠಿ, ಆಲೂಗಡ್ಡೆಗಳು ಕೊಳವೆ ಬಾವಿಯ ನೀರನ್ನು ಕುಡಿದು ರೊಕ್ಕ ತರುವುದನ್ನು ಅವರೂ ಕಾಣುತ್ತಾರೆ. ಸಂಘದ ಹೆಂಗಸರು ಗಳಿಸಿದ್ದು ಬೇರೆ ಬಗೆಯದು. ಮಳೆಗಾಲದ ಹಸಿದ ತಿಂಗಳುಗಳು ಅವರ ಮನೆಗಳಿಂದ ಹೋದವು, ಬೀಜಕ್ಕಾಗಿ ಕೈಯೊಡ್ಡುವುದು ತಪ್ಪಿತು, ಹಿಂದೆ ಕೂಲಿ ಕೇಳಲು ಹೋಗುತ್ತಿದ್ದ ಮನೆಗಳವರು ಇವರ ಬಳಿಗೆ ಬೀಜ ಕೇಳಿ ಬಂದರು.

ಸರಕಾರಗಳ ನಿಲುವೂ ನಿಧಾನವಾಗಿ ಬದಲಾಗಿದೆ. ಕರ್ನಾಟಕವು ೨೦೦೪ರಲ್ಲಿಯೇ ಸಾವಯವ ಕೃಷಿಯ ನೀತಿಯನ್ನು ಪ್ರಕಟಿಸಿತು. ೨೦೧೩ರ ರಾಷ್ಟ್ರೀಯ ಆಹಾರ ಭದ್ರತಾ ಅಧಿನಿಯಮವು ಅಕ್ಕಿ ಗೋದಿಗಳ ಜೊತೆಗೆ ಜೋಳ ಸಜ್ಜೆಗಳಂಥ ಧಾನ್ಯಗಳಿಗೂ ಸ್ಥಾನ ಕೊಟ್ಟಿತು. ೨೦೨೩ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರುಷವೆಂದು ಆಚರಿಸಿತು. ಪೇಟೆಯ ಅಂಗಡಿಗಳಲ್ಲಿ ಇಂದು ನವಣೆಯು ಅಕ್ಕಿಗಿಂತ ಹೆಚ್ಚಿನ ಬೆಲೆಗೆ ಮಾರಾಟವಾಗುವುದನ್ನು ಕಂಡರೆ, ಅದನ್ನು ಬಡವರ ಕೂಳೆಂದು ಹೀಯಾಳಿಸಿದ ಕಾಲ ನೆನಪಾಗುತ್ತದೆ.

ಆದರೆ ಅದೇ ನೆಲದ ಮೇಲೆ ಬೇರೊಂದು ನಕ್ಷೆಯೂ ಎಳೆಯಲ್ಪಟ್ಟಿದೆ. ನ್ಯಾಲಕಲ್ ಮತ್ತು ಝರಾಸಂಗಮ ಮಂಡಲಗಳ ೧೭ ಹಳ್ಳಿಗಳಲ್ಲಿ ೧೨,೬೩೫ ಎಕರೆಗಳಷ್ಟು ವಿಸ್ತಾರದ ರಾಷ್ಟ್ರೀಯ ಹೂಡಿಕೆ ಮತ್ತು ಉತ್ಪಾದನಾ ವಲಯಕ್ಕೆ ೨೦೧೬ರಲ್ಲಿ ಕೇಂದ್ರದ ಅಂತಿಮ ಒಪ್ಪಿಗೆ ದೊರೆಯಿತು. ೨೦೨೪ರಲ್ಲಿ ಕೇಂದ್ರ ಸಚಿವ ಸಂಪುಟವು ಒಪ್ಪಿದ ಹೊಸ ಕೈಗಾರಿಕಾ ನಗರಗಳ ಪಟ್ಟಿಯಲ್ಲಿ ಜಹೀರಾಬಾದೂ ಇದೆ. ನಮ್ಮವರು ಕೇತಕಿ ಸಂಗಮೇಶ್ವರನ ದರ್ಶನಕ್ಕೆ ಹೋಗುವ ಝರಾಸಂಗಮವೇ ಇದು. ಮೂವತ್ತು ಹಳ್ಳಿಗಳ ಹೆಂಗಸರು ಕೂಡಿ ಬೀಳಿನಿಂದ ಎತ್ತಿದ ನೆಲದ ನಾಲ್ಕು ಪಟ್ಟಿಗಿಂತಲೂ ಈ ವಲಯವು ದೊಡ್ಡದು. ಕೈಗಾರಿಕೆಯಿಂದ ಉದ್ಯೋಗ ಬರುವುದೆಂಬ ಮಾತನ್ನು ತಳ್ಳಿಹಾಕಲಾಗದು. ಹೊಲವನ್ನು ಬಿಟ್ಟುಕೊಟ್ಟವರಿಗೆ ಪರಿಹಾರವಾಗಿ ಹಣ ಸಿಗುತ್ತದೆ, ಆದರೆ ಬೆರಕೆಯ ಬೀಜವನ್ನು ಬಿತ್ತಲು ಬೇರೆ ನೆಲ ಅವರಿಗೆ ಸುಲಭವಾಗಿ ಸಿಗದು. ಕಣಜದಲ್ಲಿಯೇ ಉಳಿದ ಬೀಜದ ಮೊಳೆಯುವ ಶಕ್ತಿಯು ಕೆಲವೇ ವರುಷಗಳಲ್ಲಿ ಕುಂದುತ್ತದೆ.

ನಮ್ಮ ಸಂಘದ ಸದಸ್ಯರ ಮನೆಗಳಲ್ಲಿ ೧೯೫೬ಕ್ಕೆ ಮುಂಚಿನ ಬೇಸಾಯವನ್ನು ಕಂಡ ಹಿರಿಯರು ಇನ್ನೂ ಕೆಲವರಿದ್ದಾರೆ. ಅವರು ಬಿತ್ತುತ್ತಿದ್ದ ಜೋಳದ ತಳಿಗಳ ಹೆಸರು, ಅಕ್ಕಡಿಯ ಸಾಲುಗಳ ಕ್ರಮ, ಯಾವ ಮಳೆಗೆ ಯಾವ ಕಾಳನ್ನು ಹಾಕುತ್ತಿದ್ದರೆಂಬುದು, ಬೀಜವನ್ನು ಕಟ್ಟಿಡುತ್ತಿದ್ದ ಬಗೆ, ಇವುಗಳನ್ನು ಮನೆಯ ಮಕ್ಕಳು ಕೇಳಿ ಕನ್ನಡ ತೆಲುಗುಗಳೆರಡರ ಹೆಸರಿನೊಡನೆ ಬರೆದು ಕಾರ್ಯಾಲಯಕ್ಕೆ ಮುಟ್ಟಿಸಬೇಕಾಗಿ ವಿನಂತಿ. ಬೀಜವೇ ಮನೆಯಲ್ಲಿದ್ದರೆ ಒಂದು ಹಿಡಿಯನ್ನು ಬರುವ ರೋಹಿಣಿ ಮಳೆಗೆ ಮೊದಲು ಬಿತ್ತುವವರ ಕೈಗೆ ಕೊಡಬೇಕು.